ಇಂಗಿಲ್ಲದ ಹುಳಿ

ಆಗ ಸಂಭಾಜಿನಗರವನ್ನು ಎಲ್ಲರೂ ಇನ್ನೂ ಔರಂಗಾಬಾದ್ ಎಂದೇ ಕರೆಯುತ್ತಿದ್ದರು. ಕೊರೊನಾದ ಎರಡನೆಯ ಅಲೆಯ ಏಪ್ರಿಲ್. ಹರಿಪ್ರಿಯಾ ಇದ್ದ ಹಾಸ್ಟೆಲ್‌ನ ವಾರ್ಡನ್, ಬೇಸಿಗೆ ರಜೆ ಈ ವರ್ಷ ಸ್ವಲ್ಪ ಮೊದಲೇ ಬಂತೆಂದು ತಿಳಿಯಿರಿ ಎಂದು ಮರಾಠಿಯಲ್ಲಿ ಹೇಳಿ, ಅದೇ ಸಂಜೆ ಮೆಸ್ಸಿಗೆ ಬೀಗ ಹಾಕಿಸಿದಳು. ಊರಿನ ಇನ್ನೊಂದು ತುದಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ತಮ್ಮ ಪ್ರಣವ್‌ನ ಹಾಸ್ಟೆಲ್ಲೂ ಮುಚ್ಚಿತು. ಮರುದಿನ ಬೆಳಗ್ಗೆ ಅಕ್ಕ-ತಮ್ಮ ಇಬ್ಬರೂ ನಾಸಿಕ್‌ಗೆ ಹೋಗುವ ಎಸ್‌ಟಿ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತರು.

ಬಸ್ಸಿನ ತುಂಬ ವಿದ್ಯಾರ್ಥಿಗಳೇ ಇದ್ದರು. ಹಾಸಿಗೆ, ಬಕೆಟ್ಟು, ಪುಸ್ತಕದ ಚೀಲ. ವೈಜಾಪುರ ದಾಟುವ ಹೊತ್ತಿಗೆ ಹಿಂದಿನ ಸೀಟಿನ ಹುಡುಗ ಕೆಮ್ಮಲು ಶುರುಮಾಡಿದ. ಪ್ರಣವ್ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಅದೇ ಹುಡುಗನ ಜೊತೆ ಹಿಂದಕ್ಕೆ ತಿರುಗಿ ಹರಟೆ ಹೊಡೆಯುತ್ತಿದ್ದ. ಇಬ್ಬರೂ ಒಂದೇ ಬಾಟಲಿಯಿಂದ ನೀರು ಕುಡಿದರು.

"ಮಾಸ್ಕ್ ಮ್ಯಾಲೆ ಮಾಡು," ಹರಿಪ್ರಿಯಾ ಹೇಳಿದಳು.

"ಅರೆ ಯಾರ್, ಅಕ್ಕ, ಸೆಕಿ ಎಷ್ಟದ ನೋಡು."

"ಮನ್ಯಾಗ ಅಜ್ಜಿ ಇದ್ದಾಳ. ದಮ್ಮಿನಾಕಿ."

"ನಾ ಏನು ಅಜ್ಜಿ ಮಾರಿಮ್ಯಾಲೆ ಕೆಮ್ಮತೀನೇನು?"

ನಾಸಿಕ್ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಜ್ವರ ನೋಡಿ, ಎಡಗೈಯ ಹಿಂಭಾಗಕ್ಕೆ ನೇರಳೆ ಬಣ್ಣದ ಮುದ್ರೆ ಒತ್ತಿದರು. ಹದಿನಾಲ್ಕು ದಿನ ಮನೆಯಲ್ಲೇ ಬೇರೆ ಇರಬೇಕು. ಮುದ್ರೆ ಒತ್ತಿದವಳು ಇವರಿಬ್ಬರ ಕೈಯನ್ನೂ ಒಟ್ಟಿಗೆ ಹಿಡಿದು, "ಅಕ್ಕ-ತಮ್ಮನಾ? ಹಾಗಾದರೆ ಜಗಳ ಬೇಡ, ಇಬ್ಬರಿಗೂ ಸಮ ಸಮ," ಎಂದು ಮರಾಠಿಯಲ್ಲಿ ನಕ್ಕಳು.

ಮನೆ ಸಾತಪುರದ ಕಡೆ, ಮೂರನೆಯ ಮಹಡಿ. ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್ ಆಗಿದ್ದ ಅಪ್ಪ ನರಸಿಂಹಮೂರ್ತಿ ಇಪ್ಪತ್ತು ವರ್ಷದ ಹಿಂದೆ ಕೊಂಡ ಫ್ಲಾಟು. ಒಂದು ಹಾಲ್, ಒಂದು ಕೋಣೆ, ಅಡುಗೆಮನೆ. ಅಡುಗೆಮನೆಯ ಹಿಂದೆ ಜಾಲರಿ ಹೊಡೆದ ಬಾಲ್ಕನಿ. ಒಳಕೋಣೆಯಲ್ಲಿ ದೇವರ ಮಂಟಪ, ಅದರ ಎದುರಿಗೇ ಅಜ್ಜಿ ಭಾರ್ಗವಿಬಾಯಿಯ ಮಂಚ. ಈರುಳ್ಳಿಗೆ ಹೆಸರಾದ ಜಿಲ್ಲೆಯಲ್ಲಿ ಈರುಳ್ಳಿ ಹೊಸ್ತಿಲು ದಾಟದ ಮನೆ ಅದು. ಅಮ್ಮ ಜಲಜಾ ಮಡಿಯಲ್ಲೇ ಅಡುಗೆ ಮಾಡಬೇಕು. ತಿಂಗಳಿಗೆ ಮೂರು ದಿನ ಆಕೆ ಹಿಂದಿನ ಬಾಲ್ಕನಿಯಲ್ಲಿ ಕೂಡುತ್ತಿದ್ದಳು. ಅಲ್ಲಿಗೇ ಒಂದು ಚಾಪೆ, ಒಂದು ತಾಟು, ಒಂದು ಲೋಟ. ತುದಿಗೆ ಕೆಲಸದವರಿಗೆಂದು ಕಟ್ಟಿದ ಪುಟ್ಟ ಶೌಚಾಲಯ. ಆ ಮೂರು ದಿನ ಪಂಚವಟಿಯಿಂದ ಅಡುಗೆಯ ಉಮಾಬಾಯಿ ಬಂದು ಬೇಯಿಸಿಟ್ಟು ಹೋಗುತ್ತಿದ್ದರು. ಹರಿಪ್ರಿಯಾಳೂ ಹಾಸ್ಟೆಲ್ ಸೇರುವ ತನಕ ಅಲ್ಲೇ ಕೂತವಳು.

ಮಕ್ಕಳು ಮೆಟ್ಟಿಲು ಹತ್ತಿ ಬಂದಾಗ ಬಾಗಿಲು ಅರ್ಧ ತೆರೆದಿತ್ತು.

"ಹೊಸ್ತಿಲಾ ದಾಟಬ್ಯಾಡ್ರಿ," ಒಳಗಿನಿಂದ ಭಾರ್ಗವಿಬಾಯಿಯ ದನಿ ಬಂತು. "ಪ್ರಣವ್, ಸೀದಾ ಬಚ್ಚಲಕ್ಕ ಹೋಗು. ನೀರು ಕಾದದ, ಅರಿಷಿಣ ಹಾಕೀನಿ. ತಲಿಮ್ಯಾಲೆ ಹಾಕ್ಕೋ. ಜನಿವಾರ ಬದಲಸು. ಗೂಡಿನ್ಯಾಗ ಹೊಸಾದದ."

"ಮತ್ತ ನಾ, ಅಜ್ಜಿ?"

"ನಿನಗ ಹಿಂದಿನ ಬಾಲ್ಕನಿ ಅದಲ್ಲವಾ. ನಿಮ್ಮವ್ವ ಚಾಪಿ ಹಾಸ್ಯಾಳ."

ಹರಿಪ್ರಿಯಾ ತನ್ನ ಕೈ ತೋರಿಸಿದಳು. ತಮ್ಮನ ಕೈಯನ್ನೂ ಎತ್ತಿ ಹಿಡಿದಳು. "ಇದ ನೋಡ್ರಿ. ಒಂದs ಬಸ್ಸು, ಒಂದs ಸೀಟು, ಒಂದs ಸಿಕ್ಕಾ. ನಾ ಕೂಡ್ತೀನಿ, ಬ್ಯಾಡ ಅನ್ನಂಗಿಲ್ಲ. ಅಂವ ಎಲ್ಲಿ ಕೂಡ್ತಾನ?"

"ಅಂವ ಯಾಕ ಕೂಡ್ತಾನ? ಸ್ನಾನಾ ಮಾಡಿದ್ರ ಆತು."

"ಅಜ್ಜಿ, ಇದು ಮೈಲಿಗಿ ಅಲ್ಲ, ಬ್ಯಾನಿ. ನೀರು ಹಾಕ್ಕೊಂಡ್ರ ಹೋಗೂದಿಲ್ಲ."

"ನಂಗ ಕಲಸ್ತೀಯಾ? ದೂರ ನಿಂದರ್ರಿ, ಮುಟ್ಟಬ್ಯಾಡ್ರಿ ಅಂತ ನಾವು ಹೇಳಿದಾಗ ಎಲ್ಲಾರೂ ನಕ್ಕರು. ಈಗ ಸರಕಾರದವರs ಹೇಳ್ಲಿಕತ್ತಾರ."

ನರಸಿಂಹಮೂರ್ತಿ ಹಾಲ್‌ನಿಂದ ಎದ್ದು ಬಂದ. "ಹರಿಪ್ರಿಯಾ, ಬಂದ ಕೂಡಲೇ ಗದ್ದಲಾ ಬ್ಯಾಡ. ಬಾಲ್ಕನ್ಯಾಗ ಇಬ್ಬರಿಗೆ ಜಾಗಾ ಎಲ್ಲದ? ನಂದು ಫಸ್ಟ್ ಶಿಫ್ಟ್ ನಡದದ. ಬೆಳಿಗ್ಗೆ ಪೂಜಿಗೆ ಮನ್ಯಾಗ ಗಂಡಸು ಬೇಕು. ನಾ ಸಂಜಿಗೆ ಬಂದು ನೈವೇದ್ಯ ಮಾಡೋ ತನಕ ನಿಮ್ಮಜ್ಜಿ ಉಪವಾಸ ಕೂಡ್ತಾಳ. ಪ್ರಣವ್ ಬಂದಾ ಅಂದ್ರ ಅದೊಂದು ಬಗೀಹರೀತದ."

"ಅಂದ್ರ ಪೂಜಾರಿ ಬೇಕಾಗಿದ್ದ."

"ಬಾಯಿ ಭಾಳ ಆಗ್ಯದ ನಿಂದು."

ಜಲಜಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮಗಳ ಮುಖ ನೋಡಲಿಲ್ಲ. "ಬಾರವಾ," ಎಂದಳು, "ಗ್ವಾಡಿ ಹಿಡಕೊಂಡು ಹಂಗs ಹಿಂದಕ್ಕ ಹೋಗು. ಏನೂ ಮುಟ್ಟಬ್ಯಾಡ."

ಹರಿಪ್ರಿಯಾ ಗೋಡೆ ಹಿಡಿದುಕೊಂಡು ಹೋದಳು. ಅಮ್ಮ ಪ್ರತಿ ತಿಂಗಳು ಹೋಗುವ ಹಾಗೆಯೇ, ಸೀರೆಯ ಬದಲು ಜೀನ್ಸಿನಲ್ಲಿ. ಅರ್ಧ ಗಂಟೆಯಲ್ಲಿ ಪ್ರಣವ್ ಪಂಚೆ ಉಟ್ಟು ದೇವರ ಮುಂದೆ ಕೂತ. ಕೈಮೇಲಿನ ಮುದ್ರೆಯನ್ನು ನಿಂಬೆಹೋಳು, ಉಪ್ಪು ಹಾಕಿ ತಿಕ್ಕಿ ತೆಗೆದಿದ್ದ. ಚರ್ಮ ಕೆಂಪಾಗಿತ್ತು.

"ನೋಡು, ಹೋತು," ಎಂದು ಜಾಲರಿ ಬಾಗಿಲಿನಿಂದ ಅಕ್ಕನಿಗೆ ಕೈ ತೋರಿಸಿದ.

"ಭಾರೀ ಶಾಣ್ಯಾ," ಎಂದಳು ಹರಿಪ್ರಿಯಾ. "ಅಜ್ಜಿ ಹತ್ರ ಹೋಗಬ್ಯಾಡ. ಕೈ ಮುಗದು ಹೇಳ್ತೀನಿ. ಹೋದ ವರ್ಷ ಡಾಕ್ಟರ್ ಏನು ಹೇಳಿದ್ರು? ಈ ಎದಿಗೆ ಅದು ಬಂದ್ರ ತಡಿಯೂದಿಲ್ಲ ಅಂದ್ರು."

"ಓಕೆ ಓಕೆ."

ಆ ರಾತ್ರಿಯೇ ಅವನು ಅಜ್ಜಿಯ ಮಂಚದ ಮೇಲೆ ಕೂತು ಕಾಲು ಒತ್ತಿದ. ಅವಳು ಹಾಡು ಹೇಳಿಕೊಂಡಳು. ಪ್ರತಿ ಸಂಜೆ ಹೇಳುವ ದೇವರ ಪದಗಳು. ದನಿ ನಡುಗಿದರೂ ಒಂದು ಅಕ್ಷರ ಜಾರುತ್ತಿರಲಿಲ್ಲ. ಉಸಿರು ಸಿಕ್ಕಿಕೊಂಡಾಗ ನಿಲ್ಲಿಸಿ, ದಮ್ಮಿನ ಪಂಪು ಬಾಯಿಗಿಟ್ಟು ಎಳೆದುಕೊಂಡು, ನಿಲ್ಲಿಸಿದ ಪದದಿಂದಲೇ ಮತ್ತೆ ಎತ್ತಿಕೊಳ್ಳುತ್ತಿದ್ದಳು. ಮೊಮ್ಮಗ ಪಲ್ಲವಿಗೆ ದನಿಗೂಡಿಸಿದ. ಬಾಲ್ಕನಿಯಲ್ಲಿ ಹರಿಪ್ರಿಯಾಗೆ ಎಲ್ಲವೂ ಕೇಳಿಸುತ್ತಿತ್ತು.

ದಿನಗಳು ಹಾಗೇ ಹೋದವು. ಮಧ್ಯಾಹ್ನ ಬಾಲ್ಕನಿಯ ತಗಡು ಕಾದು ಹೆಂಚಾಗುತ್ತಿತ್ತು. ಜಲಜಾ ತಾಟನ್ನು ಹೊಸ್ತಿಲಿನ ಹೊರಗಿಟ್ಟು ಸರಿದು ನಿಲ್ಲುವಳು, ಹರಿಪ್ರಿಯಾ ಎತ್ತಿಕೊಳ್ಳುವಳು. ನೀರನ್ನು ಮೇಲಿನಿಂದ ಹೊಯ್ಯುವಳು. ಉಂಡ ತಾಟು, ಉಟ್ಟ ಬಟ್ಟೆ ಎಲ್ಲ ಹರಿಪ್ರಿಯಾಳೇ ತೊಳೆದುಕೊಳ್ಳಬೇಕು. ಒಳಗೆ ಪ್ರಣವ್‌ನ ತಾಟು ಅಮ್ಮ ತೊಳೆಯುತ್ತಿದ್ದಳು.

"ಅಮ್ಮ, ಸಿಟ್ಟು ಬರೂದಿಲ್ಲೇನು ನಿಂಗ?"

"ಬಂದು ಏನು ಮಾಡೂದದ? ನೀ ಉಣ್ಣು, ಆರತದ."

ಐದಾರು ದಿನವಾದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತ ಪ್ರಣವ್, "ಅಮ್ಮ, ಹುಳಿಗೆ ಇಂಗು ಮರ್ತೀಯೇನು?" ಎಂದ.

ಜಲಜಾ ಗಾಬರಿಯಾದಳು. ದೇವರಿಗೆ ತೋರಿಸುವ ಮೊದಲು ಆ ಮನೆಯಲ್ಲಿ ಅಡುಗೆಯನ್ನು ನಾಲಿಗೆಗೆ ಹಚ್ಚುವಂತಿಲ್ಲ, ಮೂಸಿ ನೋಡುವಂತೆಯೂ ಇಲ್ಲ. ಕೈಯಳತೆಯ ಮೇಲೇ ಎಲ್ಲ. ಎಲ್ಲರ ಊಟ ಮುಗಿದು ತಾನು ಕೂಡುವ ಹೊತ್ತಿಗೆ ಹುಳಿಯ ಪಾತ್ರೆಯಲ್ಲಿ ತಳ ಮಾತ್ರ ಉಳಿದಿರುತ್ತಿತ್ತು. ಅದನ್ನೂ ಮಜ್ಜಿಗೆಯಲ್ಲಿ ಕಲಸಿ ಉಂಡು ಏಳುತ್ತಿದ್ದಳು. ಹಾಕಿದೆನೋ ಇಲ್ಲವೋ ಎಂದು ಅವಳಿಗೇ ಅನುಮಾನ ಬಂತು.

"ಲಕ್ಷ್ಯ ಎಲ್ಲಿರತದ ನಿಂದು?" ಭಾರ್ಗವಿಬಾಯಿ ಅಂದಳು. ಅವಳಿಗೆ ಹುಳಿ-ಖಾರ ಆಗದು, ಸಪ್ಪೆ ತೊವ್ವೆ ಬಿಟ್ಟರೆ ಬೇರೇನೂ ಉಣ್ಣುತ್ತಿರಲಿಲ್ಲ. "ಮಗಳು ಬಂದಾಗಿಂದ ನಿನ್ನ ಚಿತ್ತೆಲ್ಲಾ ಹಿಂದಿನ ಬಾಲ್ಕನಿಗೇ ಹೋಗ್ಯದ. ಪರಸ್ಥಳದಾಗಿದ್ದ ಹುಡುಗ ಮನೀಗೆ ಬಂದಾನ. ಬಾಯಿಗೆ ರುಚಿ ಆಗೂವಂಗ ಮಾಡಿ ಹಾಕು."

ಮರುದಿನ ಜಲಜಾ ಒಂದು ಚಿಟಿಕೆ ಹೆಚ್ಚು ಹಾಕಿದಳು. ಪ್ರಣವ್ ಅಂದೂ ಮುಖ ಸಿಂಡರಿಸಿದ. ಮೂರನೆಯ ದಿನ ಎರಡು ಪಟ್ಟು ಹಾಕಿದಳು. ಬಾಗಲಕೋಟೆಯಿಂದ ತರಿಸುತ್ತಿದ್ದ ಗಟ್ಟಿ ಇಂಗು. ಡಬ್ಬಿ ತೆರೆದರೆ ಪಕ್ಕದ ಫ್ಲಾಟಿನವರಿಗೆ ಗೊತ್ತಾಗುವಂಥದ್ದು. ಅಂದು ಪ್ರಣವ್ ಏನೂ ಅನ್ನದೆ ತಲೆ ತಗ್ಗಿಸಿ ಉಂಡು ಎದ್ದ. ಸಂಜೆ ಶಿಫ್ಟ್ ಮುಗಿಸಿ ಬಂದ ನರಸಿಂಹಮೂರ್ತಿ ಮೊದಲ ತುತ್ತಿಗೇ ತಾಟು ದೂಡಿದ.

"ಏನಿದು? ಡಬ್ಬೀನs ಬೋರಲ ಹಾಕೀಯೇನು? ಕಹಿ ಆಗ್ಯದ."

"ಪ್ರಣವ್ ಇಂಗಿಲ್ಲಾ ಅಂದಾ..."

"ಅಂವಂದು ಕೇಳಬ್ಯಾಡ, ನಂದು ಕೇಳಬ್ಯಾಡ. ಇಷ್ಟು ವರ್ಷ ಅಡಗಿ ಮಾಡಿ ಇನ್ನೂ ಒಂದು ಹದಾ ಕೂಡಲಿಲ್ಲ ಅಂದ್ರ!"

ಬಾಲ್ಕನಿಯಿಂದ ಹರಿಪ್ರಿಯಾ, "ಅಮ್ಮ, ನಂದೂ ಹಂಗs ಆಗ್ಯದ. ಗಂಟ್ಲು ಉರದು ಹೋತು," ಎಂದಳು.

"ಆತು ತಗೋ," ಜಲಜಾ ಮೊದಲ ಬಾರಿಗೆ ಗದರಿದಳು, "ಎಲ್ಲಾರೂ ಒಂದೊಂದು ಹೇಳ್ರಿ. ನಾ ಒಬ್ಬಾಕಿ ಇದ್ದೀನಲ್ಲ ಬೈಸ್ಕೊಳ್ಳಿಕ್ಕೆ."

ಇಂಗು ಹೀಗೆ ಎರಡು ಪಟ್ಟು ಖರ್ಚಾಗಿ, ತಿಂಗಳು ಬರಬೇಕಾದದ್ದು ಆ ವಾರದಲ್ಲೇ ಮುಗಿಯಿತು. ಬಾಗಲಕೋಟೆಯಿಂದ ಏನೂ ಬರುವ ಹಾಗಿರಲಿಲ್ಲ. ಪೇಟೆಯ ಪುಡಿ ಇಂಗಿಗೆ ಹಿಟ್ಟು ಬೆರೆಸಿರುತ್ತಾರೆಂದು ಅದು ಮಡಿಗೆ ಬಾರದು. ಬೆಳಗ್ಗೆ ಜಲಜಾ ಅತ್ತೆಯ ಮಂಚದ ಬಳಿ ನಿಂತು ಹೇಳಿದಳು: "ಇಂಗು ಪೂರಾ ಮುಗದದರಿ. ಇವತ್ತು ಹುಳಿ ಹಂಗs ಮಾಡ್ತೀನಿ."

"ಮಾಡು. ದೇವರು ತಿಳ್ಕೋತಾನ," ಎಂದಳು ಭಾರ್ಗವಿಬಾಯಿ.

ಅಂದು ಪ್ರಣವ್ ಪೂಜೆ ಮುಗಿಸಿ ನೈವೇದ್ಯ ತೋರಿಸಿ ಊಟಕ್ಕೆ ಕೂತ. ಎದುರಿಗೆ ಅಜ್ಜಿ. ಜಲಜಾ ಅನ್ನದ ಮೇಲೆ ಹುಳಿ ಬಡಿಸಿದಳು. ಅವನು ಕಲಸಿ ಒಂದು ತುತ್ತು ಉಂಡು, ಅಮ್ಮನ ಮುಖ ನೋಡಿ ನಕ್ಕ.

"ಇವತ್ತು ನೋಡು ಅಮ್ಮ, ಇಂಗು ಬರೋಬ್ಬರಿ ಅದ. ಏಕದಮ್ ಮಸ್ತ್."

ಜಲಜಾ ಸೌಟು ಹಿಡಿದು ಹಾಗೇ ನಿಂತಳು. ಭಾರ್ಗವಿಬಾಯಿಯ ಕೈ ತಾಟಿನಲ್ಲೇ ನಿಂತಿತು. ಅತ್ತೆ-ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು.

"ಇನ್ನೊಮ್ಮೆ ಹೇಳು," ಎಂದಳು ಜಲಜಾ.

"ಇಂಗು ಭಾರೀ ಆಗ್ಯದ ಅಂದೆ."

"ಇಂಗು ಮುಗದದ. ಇವತ್ತು ಒಂದು ಕಾಳೂ ಹಾಕಿಲ್ಲ."

ಪ್ರಣವ್ ಮತ್ತೊಂದು ತುತ್ತು ಬಾಯಿಗಿಟ್ಟುಕೊಂಡ. ಅಗಿಯಲಿಲ್ಲ.

"ಎಷ್ಟು ದಿನಾ ಆತು ವಾಸನಿ ಹೋಗಿ?"

"ಸರ್ದೀ ಆಗ್ಯದ ಅಮ್ಮ, ಅದಕ್ಕs..."

"ಎಷ್ಟು ದಿನಾ ಆತು?"

"ಹುಡುಗಗ ಉಣಗೊಡು," ಭಾರ್ಗವಿಬಾಯಿ ಬಾಯಿ ಹಾಕಿದಳು. "ಬೈಸ್ಕೊಂಡು ಬೈಸ್ಕೊಂಡು ಸಣ್ಣಾಗೀ ಅಂತ ನಿನ್ನ ಸಮಾಧಾನಕ್ಕ ಅಂದಾನ. ಅವನ ಒಳ್ಳೇತನಾನೂ ತಪ್ಪs ನಿಂಗ?"

ಜಾಲರಿಯಾಚೆ ಹರಿಪ್ರಿಯಾ ಎದ್ದು ನಿಂತಿದ್ದಳು. "ಅಜ್ಜಿ, ಅವನ ಮುಂದಿಂದ ಏಳು," ಎಂದು ಕೂಗಿದಳು. "ಪ್ರಣವ್! ನಿಂಗ ಗೊತ್ತಿತ್ತು. ಮೊದಲ ದಿನ ಗೊತ್ತಾಗಿಲ್ಲ ಅನ್ನು, ನಂಬ್ತೀನಿ. ಆಮ್ಯಾಲೆ ಗೊತ್ತಾತು. ಗೊತ್ತಾಗಿ ಅಜ್ಜಿ ಮಂಚದ ಮ್ಯಾಲೆ ಕೂತು ಹಾಡು ಹೇಳಿದಿ!"

"ನಿನ್ನ ಕೇಳಿಲ್ಲ ಯಾರೂ," ಪ್ರಣವ್ ಕಿರುಚಿದ. ತಾಟಿನಲ್ಲೇ ಕೈ ತೊಳೆದು ಎದ್ದುಹೋದ.

ಸಂಜೆ ನರಸಿಂಹಮೂರ್ತಿ ಬಂದು ಬೂಟು ಬಿಚ್ಚುವ ಮೊದಲೇ ಜಲಜಾ ವಿಷಯ ಹೇಳಿದಳು. "ಅಂವ ಈಗs ಹಿಂದಕ್ಕ ಹೋಗಬೇಕು. ನಾಳೆ ಟೆಸ್ಟ್ ಮಾಡಸಬೇಕು."

"ಟೆಸ್ಟ್ ಅಂದ್ರ ಗೊತ್ತೇನು ನಿಂಗ? ಬಾಗಲಕ್ಕ ಕಾಗದಾ ಹಚ್ಚತಾರ. ಬಿಲ್ಡಿಂಗಿಗೆಲ್ಲಾ ಬಿದರಿನ ಗಳಾ ಕಟ್ಟಿ ಬಂದ್ ಮಾಡ್ತಾರ. ನಂಗ ಫ್ಯಾಕ್ಟರಿಗೆ ಬರಬ್ಯಾಡ ಅಂತಾರ."

"ಅನ್ನಲಿ."

"ಎರಡು ದಿನಾ ನೋಡೋಣು. ಜ್ವರಾ ಇಲ್ಲಾ, ಏನಿಲ್ಲಾ. ಹುಡುಗ ಕುದರಿ ಇದ್ದಂಗ ಇದ್ದಾನ."

"ಹುಡುಗಗ ಏನೂ ಆಗೂದಿಲ್ಲ. ಆಗೂದು ನಿಮ್ಮ ತಾಯಿಗೆ. ಅವರ ಸಲುವಾಗಿ ನಾ ಹೇಳ್ಲಿಕತ್ತೀನಿ, ನೀವು ಹೇಳಬೇಕಾಗಿದ್ದು."

ಒಳಕೋಣೆಯಿಂದ ಭಾರ್ಗವಿಬಾಯಿ ಗೋಡೆ ಹಿಡಿದು ಬಂದಳು. "ನನ್ನ ಹೆಸರು ತಗೀಬ್ಯಾಡ. ಗಂಡುಮಗನ್ನ ಹೆಣ್ಣಮಕ್ಕಳು ಹೊರಗ ಕೂಡೋ ಜಾಗದಾಗ ಕೂಡಸ್ತೀಯಾ? ಮೈಮ್ಯಾಲೆ ಜನಿವಾರ ಅದ. ದಿನಾ ದೇವರನ್ನ ಮುಟ್ಟೋ ಕೈ. ನಾಲ್ಕು ಮಂದಿ ಕೇಳಿದ್ರ ಏನಂದಾರು?"

"ನಾಲ್ಕು ಮಂದಿ ಎಲ್ಲಿದ್ದಾರರಿ ಈಗ? ಎಲ್ಲಾರೂ ಬಾಗಲಾ ಹಾಕ್ಕೊಂಡು ಕೂತಾರ."

"ದೇವರಿದ್ದಾನಲ್ಲ!"

"ದೇವರ ಮಾತು ತಗದ್ರಿ, ಹೇಳ್ತೀನಿ ಕೇಳ್ರಿ." ಜಲಜಾಳ ದನಿ ಏರಿತು. ಆ ಮನೆಯಲ್ಲಿ ಆ ದನಿಯನ್ನು ಯಾರೂ ಕೇಳಿರಲಿಲ್ಲ. "ಹೋದ ತಿಂಗಳು ನಾ ಹೊರಗ ಕೂತಾಗ ಉಮಾಬಾಯಿಗೆ ಬರಲಿಕ್ಕಾಗಲಿಲ್ಲ. ಒಂದು ದಿನಾ ಬಾಳಿಹಣ್ಣು ತಿಂದು ತಡದ್ರಿ. ಎರಡನೇ ದಿನಾ ಏನಂದ್ರಿ? ‘ತಲಿಮ್ಯಾಲೆ ನೀರು ಹಾಕ್ಕೊಂಡು ಒಲಿ ಹಚ್ಚು ಜಲಜಾ, ಇದು ಆಪದ್ಧರ್ಮ’ ಅಂದ್ರಿ. ಹಚ್ಚಿದೆ. ಬೇಯಿಸಿದೆ. ಅದs ಅನ್ನ ಅದs ದೇವರಿಗೆ ತೋರಿಸಿದ್ರಿ, ಉಂಡ್ರಿ. ನಿಮ್ಮ ಹೊಟ್ಟಿಗೆ ಬಂದಾಗ ಆಪದ್ಧರ್ಮ ಇತ್ತು. ಈಗ ನಿಮ್ಮ ಉಸರಿಗೆ ಬಂದದ. ಈಗ ಯಾಕಿಲ್ಲ?"

"ಜಲಜಾ!" ನರಸಿಂಹಮೂರ್ತಿ ಕೈಯೆತ್ತಿದ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಗೋಡೆಗೆ ಊರಿದ. "ನನ್ನ ತಾಯಿ ಜೋಡಿ ಹಿಂಗ ಮಾತಾಡ್ತೀಯಾ?"

"ಹೊಡೀರಿ ಬೇಕಾದ್ರ. ಆದರ ಅಂವ ಹೊರಗ ಹೋಗೋ ತನಕ ಈ ಮನ್ಯಾಗ ಒಲಿ ಹತ್ತೂದಿಲ್ಲ."

ಅವಳು ಅಡುಗೆಮನೆಗೆ ಹೋಗಿ ಗ್ಯಾಸಿನ ಸಿಲಿಂಡರ್ ತಿರುವಿ ಬಂದ್ ಮಾಡಿದಳು. ಆಮೇಲೆ ಜಾಲರಿ ಬಾಗಿಲು ತೆಗೆದು, ಹೊಸ್ತಿಲ ಮೇಲೆಯೇ, ಮಗಳಿಂದ ಒಂದು ಮಾರು ದೂರದಲ್ಲಿ ಕೂತಳು. ಒಳಗೂ ಅಲ್ಲ, ಹೊರಗೂ ಅಲ್ಲ.

"ಅಮ್ಮ, ಮಾಸ್ಕ್ ಹಾಕ್ಕೋ," ಎಂದಳು ಹರಿಪ್ರಿಯಾ.

"ಕೊಡು."

ಆ ರಾತ್ರಿ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ನರಸಿಂಹಮೂರ್ತಿ ಮೊಸರು ಅವಲಕ್ಕಿ ಕಲಸಿ ತಾಯಿಯ ಮುಂದಿಟ್ಟ. ಅವಳು ಮುಖ ತಿರುಗಿಸಿದಳು. ಬೆಳಗ್ಗೆ ಅವನು ಡಬ್ಬಿಯಿಲ್ಲದೆ ಕೆಲಸಕ್ಕೆ ಹೋದ. ಪ್ರಣವ್ ಎದ್ದು ಸ್ನಾನ ಮಾಡಿ ದೇವರಿಗೆ ಹೂವೇರಿಸಿದ. ನೈವೇದ್ಯಕ್ಕೆ ಏನೂ ಇರಲಿಲ್ಲ. ಖಾಲಿ ಬೆಳ್ಳಿ ಬಟ್ಟಲು ಮಂಟಪದ ಮುಂದಿತ್ತು. ಭಾರ್ಗವಿಬಾಯಿ ಮಂಚದ ಮೇಲಿಂದ ಅದನ್ನೇ ನೋಡುತ್ತಿದ್ದಳು. ಹಾಡು ಹೇಳಲಿಲ್ಲ.

"ಅಜ್ಜಿ, ಸಕ್ರಿ ಇಡ್ಲೇನು ದೇವರಿಗೆ?" ಪ್ರಣವ್ ಕೇಳಿದ.

"ಏನೂ ಬ್ಯಾಡ."

"ಅಮ್ಮಗ ಹೇಳು ನೀ. ಹಸಿವಿ ಆಗ್ಯದ."

ಭಾರ್ಗವಿಬಾಯಿ ಖಾಲಿ ಬಟ್ಟಲಿನಿಂದ ಕಣ್ಣು ತೆಗೆದು ಮೊಮ್ಮಗನನ್ನು ನೋಡಿದಳು. ಪಂಪು ಎಳೆದುಕೊಂಡಳು. ಆಮೇಲೆ, "ಪ್ರಣವ್," ಎಂದಳು, "ನಿಂಗ ಖರೇನs ವಾಸನಿ ಬರೂದಿಲ್ಲೇನೋ?"

ಪ್ರಣವ್ ನೆಲ ನೋಡಿದ.

"ಎದ್ದು ಹೋಗು," ಎಂದಳು ಅಜ್ಜಿ. "ನನ್ನ ದೇವರು ಉಪವಾಸ ಇದ್ದಾನ. ಹೋಗು ಹೊರಗ."

ಹರಿಪ್ರಿಯಾ ಆಗಲೇ ವಾರ್ಡಿನ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ವಿಳಾಸ ಕೊಟ್ಟಿದ್ದಳು. ಮಧ್ಯಾಹ್ನ ನೀಲಿ ಗೌನು ತೊಟ್ಟ ಇಬ್ಬರು ಬಂದು ಪ್ರಣವ್‌ನ ಮೂಗಿಗೆ ಕಡ್ಡಿ ಹಾಕಿದರು, ಹರಿಪ್ರಿಯಾಳ ಮೂಗಿಗೂ ಹಾಕಿದರು. ಅಲ್ಲೇ ಕಾಲು ಗಂಟೆಯಲ್ಲಿ ನೋಡಿ ಹೇಳಿದರು: ತಮ್ಮನಿಗಿದೆ, ಅಕ್ಕನಿಗಿಲ್ಲ. ಅಜ್ಜಿಯ ಮೂಗು ಮುಟ್ಟಲು ಅಜ್ಜಿ ಬಿಡಲಿಲ್ಲ. ಬಾಗಿಲಿಗೆ ಕಾಗದ ಹಚ್ಚಿ ಹೋದರು.

ಪ್ರಣವ್ ಚಾಪೆ ಸುತ್ತಿಕೊಂಡು, ಗೋಡೆ ಹಿಡಿದು, ಅಡುಗೆಮನೆ ದಾಟಿ ಹಿಂದಕ್ಕೆ ಹೋದ. ಹರಿಪ್ರಿಯಾ ತನ್ನ ಚೀಲ ಎತ್ತಿಕೊಂಡು ಹೊರಬಂದಳು. ಹಾದುಹೋಗುವಾಗ ನಿಂತು ಹೇಳಿದಳು: "ತಾಟು ನೀನs ತೊಳ್ಕೋಬೇಕು. ನೀರು ಮ್ಯಾಲಿಂದ ಹಾಕ್ತಾರ, ಲೋಟ ಮುಂದ ಚಾಚಬ್ಯಾಡ. ಮಧ್ಯಾಹ್ನ ಎಡಗಡೆ ಮೂಲ್ಯಾಗ ಕೂಡು, ಅಲ್ಲೊಂದs ನೆಳ್ಳಿರತದ."

"ಎಷ್ಟು ಖುಷಿ ಆಗ್ಯದಲ್ಲ ನಿಂಗ?"

"ಇಲ್ಲೋ. ಸಿಟ್ಟು ಬಂದದ. ಭಾಳ ಸಿಟ್ಟು ಬಂದದ."

ಜಲಜಾ ಗ್ಯಾಸ್ ತಿರುವಿ ಒಲೆ ಹಚ್ಚಿದಳು.

ಸಂಜೆ ಬಾಗಿಲಿನ ಕಾಗದ ನೋಡಿ ನರಸಿಂಹಮೂರ್ತಿ ಮಗಳ ಮೇಲೆ ಹರಿಹಾಯ್ದ. "ಯಾರನ್ನ ಕೇಳಿ ಫೋನ್ ಮಾಡಿದಿ? ಈ ಮನೀಗೆ ಯಜಮಾನ ನಾನೋ ನೀನೋ?"

"ಯಜಮಾನರು ನೀವs. ಅದಕ್ಕs ನೀವು ಮಾಡ್ತೀರಿ ಅಂತ ದಾರಿ ನೋಡಿದೆ. ಮಾಡಲಿಲ್ಲ."

"ನಾಳೆ ಇಡೀ ಬಿಲ್ಡಿಂಗ್ ನಮ್ಮ ಮಾರಿ ನೋಡೂದಿಲ್ಲ."

"ಈಗ್ಯಾರು ನೋಡ್ಲಿಕತ್ತಾರ ಅಪ್ಪಾ?"

ಎರಡು ದಿನ ಅಪ್ಪ ಮಗಳೊಂದಿಗೆ, ಅತ್ತೆ ಸೊಸೆಯೊಂದಿಗೆ ಮಾತಾಡಲಿಲ್ಲ. ಮೂರನೆಯ ಬೆಳಗ್ಗೆ ಭಾರ್ಗವಿಬಾಯಿ ಏಳಲಿಲ್ಲ. ಮೈ ಸುಡುತ್ತಿತ್ತು. ಪಂಪು ಎಳೆದರೂ ಉಸಿರು ಇಳಿಯಲಿಲ್ಲ. ಹರಿಪ್ರಿಯಾ ಪಕ್ಕದ ಫ್ಲಾಟಿನವರಿಂದ ಆಕ್ಸಿಮೀಟರ್ ತಂದು ಅಜ್ಜಿಯ ಬೆರಳಿಗೆ ಸಿಕ್ಕಿಸಿದಳು. ತೊಂಬತ್ತಕ್ಕಿಂತ ಕೆಳಗಿತ್ತು. ತೋರಿಸಿದಾಗ ನರಸಿಂಹಮೂರ್ತಿ ಅದನ್ನು ತನ್ನ ಬೆರಳಿಗೆ ಹಾಕಿ ನೋಡಿಕೊಂಡ. ಮತ್ತೆ ತಾಯಿಯ ಬೆರಳಿಗೆ ಹಾಕಿದ. ಅಷ್ಟೇ ಇತ್ತು.

ಆಸ್ಪತ್ರೆಗಳಲ್ಲಿ ಹಾಸಿಗೆಯಿರಲಿಲ್ಲ. ಅವನು ಒಂದಾದ ಮೇಲೊಂದು ಫೋನ್ ಹಚ್ಚಿದ. ದನಿ ಸಣ್ಣದಾಗುತ್ತ ಹೋಯಿತು. "ಪ್ಲೀಜ್ ಸಾಹೇಬ್, ಆಯಿ ಆಹೆ ಮಾಝೀ," ಎನ್ನುತ್ತಿದ್ದ, ನನ್ನ ತಾಯಿ ಅವಳು ಎಂದು. ಕಡೆಗೆ ಕನ್ನಡ ಸಂಘದ ಮೋಹನದಾಸ ಯಾರನ್ನೋ ಹಿಡಿದು ಊರಾಚೆಯ ಒಂದು ಆಸ್ಪತ್ರೆಯಲ್ಲಿ ಆಕ್ಸಿಜನ್ ಇರುವ ಹಾಸಿಗೆ ಗೊತ್ತುಮಾಡಿದ.

ಆಂಬುಲೆನ್ಸಿನವರು ಮೂರು ಮಹಡಿ ಕುರ್ಚಿಯಲ್ಲಿ ಕೂಡಿಸಿಕೊಂಡು ಇಳಿಸಬೇಕಾಯಿತು. ಭಾರ್ಗವಿಬಾಯಿಗೆ ಎಚ್ಚರವಿತ್ತು. ಬಾಗಿಲು ದಾಟುವಾಗ ಅವಳು ಜಲಜಾಳ ಸೆರಗು ಹಿಡಿದಳು. ಮಾತಾಡಲು ಉಸಿರು ಸಾಲಲಿಲ್ಲ. ಜಲಜಾ ಕೈ ಬಿಡಿಸಿಕೊಳ್ಳಲಿಲ್ಲ. ಹೊರಗಿನ ಮೆಟ್ಟಿಲಿನ ತನಕ ಹಾಗೇ ನಡೆದಳು. ನರಸಿಂಹಮೂರ್ತಿ ತಾಯಿಯ ಜೊತೆ ಹೋದ. ಹೋಗುವ ಮೊದಲು ಹೆಂಡತಿಯ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದ.

"ಹೋಗ್ರಿ," ಎಂದಳು ಜಲಜಾ. "ಅವರಿಗೆ ಪಂಪು ಕೊಡ್ರಿ. ನಂಗ ಏನೂ ಹೇಳಬ್ಯಾಡ್ರಿ."

ಮಧ್ಯಾಹ್ನ ಅವಳು ಅನ್ನ, ಹುಳಿ ಮಾಡಿದಳು. ಹುಳಿ ಕುದಿಯುವಾಗ ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿ, ಇನ್ನಷ್ಟು ಉಪ್ಪು ಹಾಕಿದಳು. ಹರಿಪ್ರಿಯಾ ನೋಡಿ, ಎರಡು ತಾಟು ಹಾಕಿದಳು. ಅಮ್ಮ-ಮಗಳು ಎದುರುಬದುರು ಕೂತು ಬಿಸಿಯಾಗಿದ್ದಾಗಲೇ ಉಂಡರು. ಬಾಲ್ಕನಿಯಿಂದ ಪ್ರಣವ್ ಎರಡು ಸಲ "ಅಮ್ಮ" ಎಂದು ಕರೆದ. ಜಲಜಾ ಮಜ್ಜಿಗೆ ಅನ್ನವನ್ನೂ ಮುಗಿಸಿ, ಕೈ ತೊಳೆದುಕೊಂಡು, ಅವನ ತಾಟಿಗೆ ಬಡಿಸಿ ಒಯ್ದು ಹೊಸ್ತಿಲಾಚೆ ಇಟ್ಟಳು.

ಪ್ರಣವ್‌ನ ಕಣ್ಣು ಊದಿಕೊಂಡಿತ್ತು. "ಅಮ್ಮ, ಫೋನ್ ಬಂತೇನು ಅಪ್ಪಂದು?"

"ಇಲ್ಲ."

"ಅಜ್ಜಿಗೆ ಏನೂ ಆಗೂದಿಲ್ಲಲ್ಲ?"

ಜಲಜಾ ಮೇಲಿನಿಂದ ಅವನ ಲೋಟಕ್ಕೆ ನೀರು ಹೊಯ್ದಳು.

"ನಾ ಹೇಳಬೇಕು ಅಂತs ಇದ್ದೆ ಅಮ್ಮ. ದೇವರಾಣಿ. ಆದರ ಹೇಳಿದ್ರ ನೀವು ನನ್ನ ತಂದು ಇಲ್ಲಿ ಕೂಡಸ್ತಿದ್ರಿ."

"ಇಲ್ಲಿ ಕೂತ್ರ ಯಾರೂ ಸಾಯೂದಿಲ್ಲ, ಪ್ರಣವ್," ಎಂದಳು ಜಲಜಾ. "ಮದುವಿಯಾಗಿ ಬಂದಾಗಿಂದ ನಾ ಕೂತೀನಿ."

ಚೊಂಬಿನಲ್ಲಿ ಉಳಿದ ನೀರನ್ನು ಮೋರಿಗೆ ಚೆಲ್ಲಿ, ಜಾಲರಿ ಬಾಗಿಲು ಎಳೆದುಕೊಂಡು ಒಳಗೆ ಹೋದಳು.